ವಿದೇಶದ ಹಕ್ಕೊತ್ತಾಯ ಸಂಘಟನೆಗಳಲ್ಲಿ ಸ್ವಯಂಸೇವೆ: ಕಲಬುರಗಿ, ಬೀದರ್, ಯಾದಗಿರಿಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹಂತ ಹಂತದ ದಾರಿ

ಸಮಾಜಕಾರ್ಯ, ಸಮಾಜಶಾಸ್ತ್ರ, ಕಾನೂನು, ಮಹಿಳಾ ಅಧ್ಯಯನ ಓದುವವರು ಪ್ರತಿ ವರ್ಷವೂ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲ ತಿಂಗಳು ವಿದೇಶದ ಸಂಘಟನೆಯೊಂದರ ಜೊತೆ ಕೆಲಸ ಮಾಡಬೇಕೆಂದಿದ್ದೇನೆ, ಯಾರಿಗೆ ಬರೆಯಲಿ? ಟೂರಿಸ್ಟ್ ವೀಸಾ ಸಾಕಾ? ಎಷ್ಟು ದುಡ್ಡು ಬೇಕು? ಏಜೆಂಟರು ಎರಡು ಲಕ್ಷ ಕೇಳುತ್ತಿದ್ದಾರೆ, ಕೊಡಬಹುದಾ?

ಕೊನೆಯ ಪ್ರಶ್ನೆಗೆ ಉತ್ತರ: ಕೊಡಬೇಡಿ. ಉಳಿದವಕ್ಕೆ ಸ್ವಲ್ಪ ವಿವರ ಬೇಕು.

ಹಕ್ಕೊತ್ತಾಯ ಎಂದರೆ ಇಂಗ್ಲಿಷಿನವರು ಅಡ್ವೊಕಸಿ ಎನ್ನುವುದು. ಬಾಡಿಗೆದಾರರು, ವಲಸೆ ಕಾರ್ಮಿಕರು, ಮನೆಗೆಲಸದವರು, ಅಂಗವಿಕಲರು, ಕೊಳೆಗೇರಿ ನಿವಾಸಿಗಳು, ಜಾತಿ ತಾರತಮ್ಯಕ್ಕೆ ಒಳಗಾದವರು, ಇಂಥ ಸಮುದಾಯಗಳನ್ನು ಸಂಘಟಿಸಿ ಅವರ ಬೇಡಿಕೆಯನ್ನು ನಗರಸಭೆ, ಸರ್ಕಾರ, ನ್ಯಾಯಾಲಯದವರೆಗೆ ಒಯ್ಯುವ ಕೆಲಸ. ಊಟ ಹಂಚುವ, ಶಾಲೆಗೆ ಬಣ್ಣ ಬಳಿಯುವ ಸೇವೆ ಬೇರೆ, ಇದು ಬೇರೆ. ಇಲ್ಲಿ ಹೊಸಬರ ಕೈಗೆ ಬರುವುದು ಹೆಚ್ಚಾಗಿ ಮನೆಮನೆ ಸಮೀಕ್ಷೆ, ಅರ್ಜಿ ತುಂಬಿಸುವುದು, ಸಭೆಯ ಟಿಪ್ಪಣಿ, ಕಾನೂನು ದಾಖಲೆಗಳ ಸಾರಾಂಶ, ಅನುವಾದ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಸಂಬಳ ಇಲ್ಲ ಎಂದ ಮಾತ್ರಕ್ಕೆ ಅದು ಕೆಲಸವೇ ಅಲ್ಲ ಎಂದು ವಲಸೆ ಕಾನೂನು ಒಪ್ಪುವುದಿಲ್ಲ. ಬಹುತೇಕ ದೇಶಗಳಲ್ಲಿ ಸ್ವಯಂಸೇವೆಗೂ ತಕ್ಕ ವೀಸಾ ಬೇಕು, ಆ ವೀಸಾಕ್ಕೆ ಸಂಘಟನೆಯ ಪತ್ರ ಬೇಕು, ಆ ಪತ್ರ ಸಿಗಲು ನಿಮ್ಮ ಕೈಯಲ್ಲಿ ಕಲಿತ ಕೆಲಸ ಇರಬೇಕು. ಜನ ಇದನ್ನೇ ತಿರುಗುಮುರುಗು ಮಾಡುತ್ತಾರೆ: ಮೊದಲು ಟಿಕೆಟ್, ಆಮೇಲೆ ವೀಸಾ, ಅಲ್ಲಿಗೆ ಹೋದ ಮೇಲೆ ಸಂಘಟನೆ ಹುಡುಕಾಟ. ಹೊರಡುವ ದಿನದಿಂದ ಹಿಂದಕ್ಕೆ ಎಂಟು ತಿಂಗಳು ಎಣಿಸಿ ಶುರು ಮಾಡಿ.

ಹಂತ 1: ಊರಲ್ಲಿ ಮಾಡಿದ ಕೆಲಸದ ಲೆಕ್ಕ

"ಸಮಾಜಸೇವೆಯಲ್ಲಿ ಆಸಕ್ತಿ ಇದೆ" ಎಂಬ ಸಾಲಿಗೆ ಯಾವ ಸಂಘಟನೆಯೂ ಸೋಲುವುದಿಲ್ಲ. ಅವರಿಗೆ ಬೇಕಾದದ್ದು ನೀವು ಏನು ಮಾಡಿದ್ದೀರಿ ಎಂಬುದು. ಅದು ನಮ್ಮ ಕಡೆಯ ವಿದ್ಯಾರ್ಥಿಗಳ ಬಳಿ ತಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇರುತ್ತದೆ. ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಯಲ್ಲಿ ಕೂತಿದ್ದು, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದು, ಗ್ರಾಮಸಭೆಯ ನಡಾವಳಿ ಬರೆದಿದ್ದು, ಮುಂಬೈ–ಪುಣೆಗೆ ದುಡಿಯಲು ಹೋಗುವ ತಾಂಡಾಗಳಲ್ಲಿ ಕ್ಷೇತ್ರಕಾರ್ಯ ಮಾಡಿದ್ದು, ಶಹಾಬಾದ ಕಲ್ಲು ಗಣಿಯ ಕಾರ್ಮಿಕರ ಪಟ್ಟಿ ಮಾಡಿದ್ದು, ಇವೆಲ್ಲ ಹಕ್ಕೊತ್ತಾಯದ ಕೆಲಸವೇ.

ಪ್ರತಿಯೊಂದನ್ನೂ ಊರು, ಅವಧಿ, ನಿಮ್ಮ ಪಾತ್ರ, ಫಲಿತಾಂಶ ಸೇರಿಸಿ ಎರಡು ಸಾಲಿನಲ್ಲಿ ಬರೆಯಿರಿ. "ಜೇವರ್ಗಿ ತಾಲ್ಲೂಕಿನ ಎರಡು ಹಳ್ಳಿಗಳಲ್ಲಿ ಮೂರು ತಿಂಗಳು, 120 ಮನೆಗಳ ಪಟ್ಟಿ, ಪಿಂಚಣಿ ನಿಂತವರ 14 ಅರ್ಜಿ, 9 ಮಂಜೂರು" ಎಂಬ ಬಗೆಯಲ್ಲಿ. ಸಂಖ್ಯೆ ಚಿಕ್ಕದಿದ್ದರೂ ನಿಜವಿರಲಿ, ಸಂದರ್ಶನದಲ್ಲಿ ಅದರ ಮೇಲೆಯೇ ಪ್ರಶ್ನೆ ಬೀಳುತ್ತದೆ. ಇಂಥದ್ದು ಒಂದೂ ಇಲ್ಲದಿದ್ದರೆ ಮೊದಲ ಆರು ತಿಂಗಳು ಇಲ್ಲೇ ಒಂದು ಸಂಘಟನೆಯ ಜೊತೆ ಕಳೆಯಿರಿ.

ಭಾಷೆಗಳನ್ನೂ ಬರೆಯಿರಿ. ಕನ್ನಡದ ಜೊತೆ ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಆಡುವವರು ನಮ್ಮಲ್ಲಿ ಸಾಮಾನ್ಯ, ಅದನ್ನು ಅರ್ಹತೆ ಎಂದು ನಮೂದಿಸುವವರೇ ಕಡಿಮೆ. ದಕ್ಷಿಣ ಏಷ್ಯಾದ ವಲಸಿಗರ ನಡುವೆ ಕೆಲಸ ಮಾಡುವ ಲಂಡನ್ನಿನ ಗುಂಪಿಗೆ ಉರ್ದು ಆಡುವ ಕೈಯಾಳು ಸಿಕ್ಕರೆ ಅದು ದೊಡ್ಡ ಅನುಕೂಲ.

ಹಂತ 2: ಪಾಸ್‌ಪೋರ್ಟ್, ಹೆಸರು, ಊರಿನ ಹೆಸರು

ನಮ್ಮ ಮೂರು ಜಿಲ್ಲೆಗಳವರ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಕಟ್ಟಿ, ಸಮಯ ಕಾಯ್ದಿರಿಸಬೇಕು. ತತ್ಕಾಲ್ ಆದರೆ ಇನ್ನೂ 2,000 ರೂಪಾಯಿ. ವಯಸ್ಕರಿಗೆ ಹತ್ತು ವರ್ಷದ ಅವಧಿ. ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಹಾಕಲು 2018ರಿಂದ ಅವಕಾಶವಿದೆ, ಹಾಗಾಗಿ ಹೈದರಾಬಾದ್ ಹತ್ತಿರವಿರುವ ಬೀದರಿನವರು ಅಲ್ಲಿಯ ಕೇಂದ್ರವನ್ನೂ ನೋಡಬಹುದು. ಪೊಲೀಸ್ ಪರಿಶೀಲನೆ ಮಾತ್ರ ನೀವು ಕೊಟ್ಟ ವಿಳಾಸದಲ್ಲೇ ನಡೆಯುತ್ತದೆ.

ವಿಳಾಸ. ಹಾಸ್ಟೆಲ್ ವಿಳಾಸ ಕೊಟ್ಟು, ಸೆಮಿಸ್ಟರ್ ಮುಗಿದ ಮೇಲೆ ಊರಿಗೆ ಹೋದರೆ ಪೊಲೀಸರು ಬಂದಾಗ ಕೋಣೆಗೆ ಬೀಗ ಇರುತ್ತದೆ, ವರದಿ ವಿರುದ್ಧ ಹೋಗುತ್ತದೆ. ಪರಿಶೀಲನೆ ಮುಗಿಯುವವರೆಗೆ ಹಾಸ್ಟೆಲ್‌ನಲ್ಲೇ ಇರುವುದು ಖಾತ್ರಿಯಾದರೆ ಮಾತ್ರ ಬೋನಫೈಡ್ ಪ್ರಮಾಣಪತ್ರದೊಂದಿಗೆ ಆ ವಿಳಾಸ ಕೊಡಿ. ಇಲ್ಲವಾದರೆ ತಂದೆತಾಯಿಯ ಮನೆಯ ವಿಳಾಸವೇ ಸರಿ.

ಅಡ್ಡಹೆಸರು. ನಮ್ಮ ಕಡೆಯ ಎಷ್ಟೋ ಅಂಕಪಟ್ಟಿಗಳಲ್ಲಿ ಬರೀ ಹೆಸರು ಇರುತ್ತದೆ, ತಂದೆಯ ಹೆಸರು ಬೇರೆ ಸಾಲಿನಲ್ಲಿ, ಅಡ್ಡಹೆಸರು ಎಲ್ಲೂ ಇಲ್ಲ. ಹಾಗೇ ಪಾಸ್‌ಪೋರ್ಟ್ ಮಾಡಿಸಿ ಅಡ್ಡಹೆಸರಿನ ಅಂಕಣ ಖಾಲಿ ಬಿಟ್ಟರೆ ಮುಂದೆ ತೊಡಕು. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ಮತ್ತು ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಅಮೆರಿಕದ ವೀಸಾದಲ್ಲಿ ಇಂಥವರ ಇದ್ದೊಂದು ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ "ಗೊತ್ತಿಲ್ಲ" ಎಂಬ ಅರ್ಥದ ಮೂರಕ್ಷರ ಕೂರುತ್ತವೆ. ಇನಿಷಿಯಲ್ ಇದ್ದರೆ ಪೂರ್ತಿ ಬಿಡಿಸಿ ಬರೆಯಬೇಕು. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಈ ನಾಲ್ಕರಲ್ಲಿ ಅಕ್ಷರಗಳು ಹೊಂದುತ್ತವೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ "ಶರಣಬಸಪ್ಪ", ಇನ್ನೊಂದರಲ್ಲಿ "ಶರಣಬಸವ" ಎಂದಿದ್ದರೆ ಮೊದಲು ಅದನ್ನು ತಿದ್ದಿಸಿ. ವೀಸಾ ಅರ್ಜಿಯ ಮಧ್ಯೆ ಅಫಿಡವಿಟ್ ಮಾಡಿಸಲು ಓಡುವುದು ಬೇಡ.

ಊರಿನ ಹೆಸರು. ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ರಂದು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿದ್ದು 2009ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು ಶಹಾಪುರದಲ್ಲೋ ಸುರಪುರದಲ್ಲೋ ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಜಿಲ್ಲೆ ಗುಲ್ಬರ್ಗ, ಆಧಾರ್‌ನಲ್ಲಿ ಯಾದಗಿರಿ. ವಿದೇಶದ ಅಧಿಕಾರಿಗೆ ಇವು ಎರಡು ಬೇರೆ ಊರುಗಳು. ಹೆಸರು ಮತ್ತು ಜಿಲ್ಲೆ ಬದಲಾದ ದಿನಾಂಕಗಳನ್ನು ತಿಳಿಸುವ ಎರಡು ಸಾಲನ್ನು ವೀಸಾ ಅರ್ಜಿಯ ಜೊತೆಗಿನ ಪತ್ರದಲ್ಲಿ ಬರೆದುಬಿಡಿ, ಅಷ್ಟು ಸಾಕು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ತಪ್ಪದೆ ಒಯ್ಯಿರಿ. ಹತ್ತನೆಯ ತರಗತಿ ಪಾಸಾದ ದಾಖಲೆ ಕೊಡದಿದ್ದರೆ ಪಾಸ್‌ಪೋರ್ಟ್‌ನಲ್ಲಿ "ವಲಸೆ ತಪಾಸಣೆ ಅಗತ್ಯ" (ಕೆಲ ದೇಶಗಳಿಗೆ ದುಡಿಯಲು ಹೋಗುವ ಮೊದಲು ಸರ್ಕಾರದ ಅನುಮತಿ ಬೇಕು ಎಂಬರ್ಥ) ಎಂಬ ಮುದ್ರೆ ಬೀಳುತ್ತದೆ. ಎಂ.ಎ. ಓದಿದವರಿಗೂ ಇದು ಆಗುವುದುಂಟು, ಕಾರಣ ಬರೀ ಮರೆವು.

ಹಂತ 3: ಸಂಘಟನೆ ಹುಡುಕುವುದು, ಜಾಲಾಡುವುದು

ದೇಶ ಆರಿಸಿಕೊಂಡು ಸಂಘಟನೆ ಹುಡುಕಬೇಡಿ. ವಿಷಯ ಆರಿಸಿಕೊಂಡು ಹುಡುಕಿ. ಕೊಳೆಗೇರಿ ನಿವಾಸಿಗಳ ಪ್ರಶ್ನೆಯಾದರೆ 1996ರಲ್ಲಿ ಶುರುವಾದ ಸ್ಲಮ್ ಡ್ವೆಲರ್ಸ್ ಇಂಟರ್‌ನ್ಯಾಷನಲ್ ಇದೆ. ಬೀದಿ ವ್ಯಾಪಾರಿಗಳದ್ದಾದರೆ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ 2002ರಲ್ಲಿ ಸ್ಥಾಪನೆಯಾದ ಸ್ಟ್ರೀಟ್‌ನೆಟ್, ಜಾತಿ ತಾರತಮ್ಯದ್ದಾದರೆ ಕೋಪನ್‌ಹೇಗನ್‌ನ ಇಂಟರ್‌ನ್ಯಾಷನಲ್ ದಲಿತ್ ಸಾಲಿಡಾರಿಟಿ ನೆಟ್‌ವರ್ಕ್. ಇಂಥ ದೊಡ್ಡ ಜಾಲಗಳು ನೇರವಾಗಿ ನಿಮ್ಮನ್ನು ತೆಗೆದುಕೊಳ್ಳದಿರಬಹುದು. ಅವುಗಳ ಸದಸ್ಯ ಸಂಘಟನೆಗಳ ಪಟ್ಟಿ ನಿಮಗೆ ಬೇಕಾದದ್ದು. ಚಿಕ್ಕ ಗುಂಪು, ಸ್ಪಷ್ಟ ಕೆಲಸ, ಉತ್ತರ ಬರುವ ಸಾಧ್ಯತೆ ಹೆಚ್ಚು.

ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ (ಯುಎನ್‌ವಿ, ಕೇಂದ್ರ ಕಚೇರಿ ಜರ್ಮನಿಯ ಬಾನ್) ಇನ್ನೊಂದು ದಾರಿ. ಅಲ್ಲಿಯ ಯುವ ವಿಭಾಗಕ್ಕೆ ವಯಸ್ಸು 18ರಿಂದ 26. ಜೀವನ ವೆಚ್ಚದ ಭತ್ಯೆ ಕೊಡುತ್ತಾರೆ, ಸ್ಪರ್ಧೆ ಬಿಗಿ. ಅದೇ ಸಂಸ್ಥೆಯ ಆನ್‌ಲೈನ್ ಸ್ವಯಂಸೇವೆಗೆ 18 ತುಂಬಿದ್ದರೆ ಸಾಕು, ಕಲಬುರಗಿಯ ಕೋಣೆಯಲ್ಲೇ ಕೂತು ಅನುವಾದ, ಸಂಶೋಧನೆ, ವಿನ್ಯಾಸದ ಕೆಲಸ ಮಾಡಬಹುದು. ಹಣವಿಲ್ಲದವರಿಗೆ ನಮ್ಮ ಮೊದಲ ಸಲಹೆ ಇದೇ. ಎರಡು ಆನ್‌ಲೈನ್ ಕೆಲಸ ಮುಗಿಸಿದವರ ಅರ್ಜಿಗೆ ಮುಂದೆ ತೂಕ ಬರುತ್ತದೆ. ಯುಎನ್‌ವಿ ಯಾವ ಹಂತದಲ್ಲೂ ಶುಲ್ಕ ಕೇಳುವುದಿಲ್ಲ. ಅದರ ಹೆಸರಿನಲ್ಲಿ ಯಾರಾದರೂ "ನೋಂದಣಿ ಶುಲ್ಕ" ಎಂದರೆ ಅದು ಮೋಸ.

ಜರ್ಮನಿಗೆ ವೆಲ್ಟ್‌ವೇರ್ಟ್ಸ್ ಎಂಬ ಕಾರ್ಯಕ್ರಮದ ದಕ್ಷಿಣ–ಉತ್ತರ ವಿಭಾಗವಿದೆ: 18ರಿಂದ 28 ವಯಸ್ಸಿನವರನ್ನು ಅಲ್ಲಿಯ ಸಂಸ್ಥೆಗಳಿಗೆ ಕರೆಸಿಕೊಳ್ಳುತ್ತದೆ, ಅಲ್ಲಿಯ ಕೇಂದ್ರ ಸರ್ಕಾರದ ನೆರವಿದೆ. ನೀವಾಗಿಯೇ ಹೋಗುವಂತಿಲ್ಲ, ಭಾರತದ ಪಾಲುದಾರ ಸಂಸ್ಥೆಯೊಂದು ಕಳಿಸಬೇಕು. ಜರ್ಮನ್ ಭಾಷೆಯ ಆರಂಭಿಕ ಮಟ್ಟವಾದರೂ ಬೇಕಾಗುತ್ತದೆ, ನಮಗೆ ಹತ್ತಿರದ ಕಲಿಕಾ ಕೇಂದ್ರ ಹೈದರಾಬಾದಿನ ಗೋಯ್ಟೆ ಸೆಂಟ್ರುಮ್.

ಸಂಘಟನೆ ಸಿಕ್ಕ ಮೇಲೆ ಜಾಲಾಡಿ. ಇಂಗ್ಲೆಂಡ್–ವೇಲ್ಸ್‌ನ ಗುಂಪಾದರೆ ಚಾರಿಟಿ ಕಮಿಷನ್‌ನ ನೋಂದಣಿ ಪಟ್ಟಿಯಲ್ಲಿ ಅದರ ಸಂಖ್ಯೆ ಹುಡುಕಬಹುದು, ಲೆಕ್ಕಪತ್ರವೂ ಅಲ್ಲೇ ಇರುತ್ತದೆ. ಅಮೆರಿಕದ್ದಾದರೆ ಅಲ್ಲಿಯ ತೆರಿಗೆ ಇಲಾಖೆಯ ಹುಡುಕಾಟ ಪುಟ ಮತ್ತು ಫಾರ್ಮ್ 990 ಎಂಬ ವಾರ್ಷಿಕ ಲೆಕ್ಕ. ಎರಡೂ ಉಚಿತ. ವೆಬ್‌ಸೈಟ್ ಚಂದ ಇದೆ ಎನ್ನುವುದು ಪುರಾವೆಯಲ್ಲ.

ಮೂರು ಕಡೆ ಕಾಲಿಡಬೇಡಿ. ಒಂದು, "ಸ್ವಯಂಸೇವಾ ಪ್ಯಾಕೇಜ್" ಮಾರುವ ಅನಾಥಾಶ್ರಮಗಳು. ಕಾಂಬೋಡಿಯಾ, ನೇಪಾಳಗಳಲ್ಲಿ ತಂದೆತಾಯಿ ಇರುವ ಮಕ್ಕಳನ್ನೇ ತಂದು ಕೂರಿಸಿ ವಿದೇಶಿಯರಿಂದ ಹಣ ಎತ್ತುವ ದಂಧೆ ದಾಖಲಾಗಿದೆ. ಎರಡು, ಥಾಯ್ಲೆಂಡ್ ಮೂಲಕ ಮ್ಯಾನ್ಮಾರ್, ಲಾವೋಸ್ ಕಡೆ "ಎನ್‌ಜಿಒ ಡೇಟಾ ಎಂಟ್ರಿ" ಎಂದು ಕರೆಯುವವರು. ಆನ್‌ಲೈನ್ ವಂಚನೆಯ ಬೀಡುಗಳಲ್ಲಿ ಭಾರತದ ಯುವಕರನ್ನು ಕೂಡಿಹಾಕಿ ದುಡಿಸಿದ್ದು ಇಂಥ ಕರೆಗಳಿಂದಲೇ. ಮೂರು, ಕೊಲ್ಲಿ ದೇಶಗಳಲ್ಲಿ ಅನುಮತಿಯಿಲ್ಲದ ಸಂಘಟನೆ. ನಮ್ಮ ಕಡೆಯ ಅನೇಕ ಮನೆಗಳಿಗೆ ಗಲ್ಫ್ ಎಂದರೆ ನೆರೆಮನೆ ಇದ್ದಂತೆ, ಚಿಕ್ಕಪ್ಪ ಅಲ್ಲಿದ್ದಾನೆ, ಅವನ ಕೋಣೆಯಲ್ಲಿದ್ದು ಕಾರ್ಮಿಕರ ನಡುವೆ ಕೆಲಸ ಮಾಡುತ್ತೇನೆ ಎನ್ನುವವರಿದ್ದಾರೆ. ಅಲ್ಲಿ ಪರವಾನಗಿಯಿಲ್ಲದೆ ಚಂದಾ ಎತ್ತುವುದೂ ಅಪರಾಧ, ಸಿಕ್ಕಿಬಿದ್ದರೆ ತೊಂದರೆ ಚಿಕ್ಕಪ್ಪನ ಕೆಲಸಕ್ಕೂ ತಟ್ಟುತ್ತದೆ.

ಹಂತ 4: ಪತ್ರ

ಒಂದು ಪುಟ ಮೀರಬಾರದು. ಮೊದಲ ಪ್ಯಾರಾದಲ್ಲಿ ಅವರ ಯಾವ ಕೆಲಸವನ್ನು ಓದಿದ್ದೀರಿ, ಎರಡನೆಯದರಲ್ಲಿ ಹಂತ 1ರ ಎರಡು ಅನುಭವ, ಮೂರನೆಯದರಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲಿರಿ, ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟು. ಹಣದ ಮಾತು ಮುಚ್ಚಿಡಬೇಡಿ. "ವಿಮಾನ ಖರ್ಚು ನನ್ನದು, ವಸತಿಗೆ ನೆರವು ಬೇಕು" ಎಂದು ನೇರವಾಗಿ ಬರೆದರೆ ಎರಡು ಕಡೆಯ ಸಮಯವೂ ಉಳಿಯುತ್ತದೆ. ಹತ್ತು ಕೆಲಸದ ದಿನ ಕಾಯಿರಿ, ಒಮ್ಮೆ ನೆನಪಿಸಿ, ಆಮೇಲೆ ಬಿಡಿ. ಇಪ್ಪತ್ತು ಪತ್ರಕ್ಕೆ ಮೂರು ಉತ್ತರ ಬಂದರೆ ಚೆನ್ನಾಗಿಯೇ ನಡೆಯುತ್ತಿದೆ ಎಂದುಕೊಳ್ಳಿ. ಒಂದೇ ಪತ್ರವನ್ನು ಇಪ್ಪತ್ತು ಜನರಿಗೆ ಒಟ್ಟಿಗೆ ಕಳಿಸಿ, ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುವಂತೆ ಮಾಡುವುದು ಈಗಲೂ ನಡೆಯುವ ತಪ್ಪು.

ಶಿಫಾರಸು ಪತ್ರ ಎರಡಿರಲಿ, ಒಂದು ಮಾರ್ಗದರ್ಶಕರದು, ಇನ್ನೊಂದು ಊರಿನ ಸಂಘಟನೆಯವರದು. ವಿದೇಶದ ಸಂಘಟನೆಯವರು ಪತ್ರ ಬರೆದವರಿಗೆ ನೇರವಾಗಿ ಮೇಲ್ ಮಾಡಿ ಕೇಳುತ್ತಾರೆ. ಅಧ್ಯಾಪಕರ ವಿಶ್ವವಿದ್ಯಾಲಯದ ಮೇಲ್ ವಿಳಾಸವೇ ಇರಲಿ, ಅವರು ಅದನ್ನು ತೆರೆಯುತ್ತಾರೆಯೇ ಎಂದೂ ವಿಚಾರಿಸಿ.

ವಿಡಿಯೊ ಸಂದರ್ಶನದ ಸಮಯ ನಿಗದಿ ಮಾಡುವಾಗ ಗಡಿಯಾರ ನೋಡಿ. ಬ್ರಿಟನ್ ನಮಗಿಂತ ಚಳಿಗಾಲದಲ್ಲಿ ಐದೂವರೆ ತಾಸು, ಬೇಸಿಗೆಯಲ್ಲಿ ನಾಲ್ಕೂವರೆ ತಾಸು ಹಿಂದಿರುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಕರೆಂಟ್ ನಂಬಿ ಮನೆಯಲ್ಲಿ ಕೂರುವ ಬದಲು ಯುಪಿಎಸ್ ಇರುವ ವಿಭಾಗದ ಲ್ಯಾಬ್ ಕೇಳಿಕೊಳ್ಳಿ.

ಹಂತ 5: ಲಿಖಿತ ಒಪ್ಪಿಗೆ

"ಬನ್ನಿ" ಎಂಬ ಮೇಲ್ ಒಪ್ಪಿಗೆಯಲ್ಲ. ಸಂಘಟನೆಯ ಶಿರೋನಾಮೆಯ ಪತ್ರದಲ್ಲಿ ಶುರು–ಮುಕ್ತಾಯದ ದಿನಾಂಕ, ವಾರಕ್ಕೆ ತಾಸು, ಕೆಲಸದ ವಿವರ, ಮೇಲ್ವಿಚಾರಕರ ಹೆಸರು, ವಸತಿ–ಊಟ–ಓಡಾಟದ ಖರ್ಚು ಯಾರದು, ವಿಮೆ ಯಾರದು, ಮಧ್ಯದಲ್ಲಿ ಬಿಟ್ಟು ಬರಬೇಕಾದರೆ ಏನು, ಇವಿಷ್ಟೂ ಬೇಕು. ಸಂಬಳವಿಲ್ಲ ಎಂಬ ಸಾಲು ಸ್ಪಷ್ಟವಾಗಿರಲಿ. ವೀಸಾ ಅಧಿಕಾರಿ ಮೊದಲು ಹುಡುಕುವುದು ಅದನ್ನೇ.

ಹಂತ 6: ವೀಸಾ

ಇಲ್ಲಿ ದೇಶಕ್ಕೊಂದು ನಿಯಮ. ಹೆಚ್ಚು ಕೇಳಿಬರುವವನ್ನು ಹೇಳುತ್ತೇವೆ. ಶುಲ್ಕ ಬದಲಾಗುತ್ತಲೇ ಇರುತ್ತದೆ, ಅರ್ಜಿ ಹಾಕುವ ದಿನ ಆಯಾ ಸರ್ಕಾರದ ತಾಣದಲ್ಲೇ ನೋಡಿ.

ಬ್ರಿಟನ್. ಸಾಮಾನ್ಯ ಸಂದರ್ಶಕ ವೀಸಾದಲ್ಲಿ ನೋಂದಾಯಿತ ಚಾರಿಟಿಯೊಂದಕ್ಕೆ ಒಟ್ಟು 30 ದಿನ ಮೀರದಂತೆ ಸ್ವಯಂಸೇವೆ ಮಾಡಬಹುದು. ಅದಕ್ಕಿಂತ ಹೆಚ್ಚೆಂದರೆ ಚಾರಿಟಿ ವರ್ಕರ್ ವೀಸಾ, ಗರಿಷ್ಠ 12 ತಿಂಗಳು. ಇದಕ್ಕೆ ಸಂಘಟನೆಯ ಬಳಿ ಪ್ರಾಯೋಜಕ ಪರವಾನಗಿ ಇರಬೇಕು, ಅವರು ನಿಮಗೆ ಪ್ರಾಯೋಜಕತ್ವದ ಪ್ರಮಾಣಪತ್ರ ಕೊಡಬೇಕು. ಅದು ಕಾಗದವಲ್ಲ, ಒಂದು ಉಲ್ಲೇಖ ಸಂಖ್ಯೆ. ಪರವಾನಗಿ ಇರುವವರ ಪಟ್ಟಿಯನ್ನು ಅಲ್ಲಿಯ ಗೃಹ ಇಲಾಖೆ ಪ್ರಕಟಿಸುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಸಂಘಟನೆ ಎಷ್ಟೇ ಒಳ್ಳೆಯದಾದರೂ ಈ ದಾರಿಯಲ್ಲಿ ನಿಮ್ಮನ್ನು ಕರೆಸಿಕೊಳ್ಳಲಾರದು, ಹಂತ 3ರಲ್ಲೇ ಇದನ್ನು ನೋಡಿಕೊಂಡರೆ ತಿಂಗಳುಗಳು ಉಳಿಯುತ್ತವೆ. ಪ್ರಾಯೋಜಕರು ನಿಮ್ಮ ಖರ್ಚಿನ ಹೊಣೆ ಹೊರದಿದ್ದರೆ 1,270 ಪೌಂಡ್ ಸತತ 28 ದಿನ ಖಾತೆಯಲ್ಲಿ ಇದ್ದಿರಬೇಕು. ಆರು ತಿಂಗಳು ಮೀರಿದರೆ ಮಾನ್ಯತೆ ಪಡೆದ ಕ್ಲಿನಿಕ್‌ನಲ್ಲಿ ಕ್ಷಯ ಪರೀಕ್ಷೆ ಮತ್ತು ಆರೋಗ್ಯ ಸರ್ಚಾರ್ಜ್ ಎಂಬ ಹೆಚ್ಚಿನ ಶುಲ್ಕ, ಅದು ವೀಸಾ ಶುಲ್ಕಕ್ಕಿಂತ ಭಾರ. ಇಂಗ್ಲಿಷ್ ಪರೀಕ್ಷೆಯ ಅಂಕ ಈ ವೀಸಾಕ್ಕೆ ಬೇಡ. ಐಇಎಲ್‌ಟಿಎಸ್ ಕಡ್ಡಾಯ ಎಂದು ಕೋಚಿಂಗ್‌ನವರು ಹೇಳಿದರೆ ಕೇಳಬೇಡಿ.

ಅಮೆರಿಕ. ಮಾನ್ಯತೆಯಿರುವ ಧಾರ್ಮಿಕ ಅಥವಾ ಲಾಭರಹಿತ ದತ್ತಿ ಸಂಸ್ಥೆಯ ಸ್ವಯಂಸೇವಾ ಕಾರ್ಯಕ್ರಮಕ್ಕೆ ಬಿ-1 ವೀಸಾದಲ್ಲಿ ಅವಕಾಶವಿದೆ. ಸಂಬಳ ಪಡೆಯಬಾರದು, ಖರ್ಚಿನ ಮರುಪಾವತಿ ನಡೆಯುತ್ತದೆ. ಏನನ್ನೂ ಮಾರುವಂತಿಲ್ಲ, ದೇಣಿಗೆ ಕೇಳುವಂತಿಲ್ಲ. ಸಂಸ್ಥೆಯ ಪತ್ರದಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ ಮತ್ತು ಸ್ಥಳ, ಭಾರತದ ಕಾಯಂ ವಿಳಾಸ, ಅಲ್ಲಿ ಮೊದಲು ತಲುಪುವ ವಿಳಾಸ, ಇರುವ ಅವಧಿ, ಇಷ್ಟು ಕಡ್ಡಾಯ. ಸಂದರ್ಶನ ಹೈದರಾಬಾದ್ ಕಾನ್ಸುಲೇಟ್‌ನಲ್ಲೇ ಆಗಬಹುದು. ಬೀದರಿನಿಂದ ಸುಮಾರು 150 ಕಿ.ಮೀ., ಕಲಬುರಗಿಯಿಂದ 220ರ ಆಸುಪಾಸು. ಡಿಎಸ್-160 ಎಂಬ ಅರ್ಜಿಯಲ್ಲಿ ಕಳೆದ ಐದು ವರ್ಷ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನು ಕೇಳುತ್ತಾರೆ. ಹಳೆಯ ಖಾತೆ ಮರೆತು ಬಿಟ್ಟರೂ ಅದನ್ನು ಮುಚ್ಚಿಟ್ಟದ್ದೆಂದು ತಿಳಿಯಬಹುದು.

ಜರ್ಮನಿ. ಇಲ್ಲಿ ಹೈದರಾಬಾದ್ ಹತ್ತಿರ ಎಂಬ ಲೆಕ್ಕ ನಡೆಯುವುದಿಲ್ಲ. ದೀರ್ಘಾವಧಿ ವೀಸಾದ ವ್ಯಾಪ್ತಿ ನೀವು ವಾಸಿಸುವ ರಾಜ್ಯದ ಪ್ರಕಾರ. ಕರ್ನಾಟಕದವರಿಗೆ ಬೆಂಗಳೂರು, ಅಂದರೆ ಒಂದು ರಾತ್ರಿಯ ರೈಲು. ಇದು ತಿಳಿಯದೆ ಹೈದರಾಬಾದಿನಲ್ಲಿ ಸಮಯಕ್ಕೆ ಕಾದು ಕೂತರೆ ಆ ದಿನಗಳು ಹೋದವೆಂದೇ ಲೆಕ್ಕ. ಜರ್ಮನಿಯೂ ಸೇರಿದ ಯುರೋಪಿನ ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ಗುಂಪು) ಅಲ್ಪಾವಧಿ ವೀಸಾಕ್ಕೆ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ನೇಪಾಳ. ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಬೇಕು, ನಿಮ್ಮ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ. ಮೊದಲ ಪ್ರಯತ್ನಕ್ಕೆ, ಖರ್ಚಿನ ಲೆಕ್ಕದಲ್ಲೂ, ನಮ್ಮ ಮಟ್ಟಿಗೆ ಇದಕ್ಕಿಂತ ಸೂಕ್ತ ದೇಶವಿಲ್ಲ.

ಆಗಲೇ ಓದಲು ವಿದೇಶಕ್ಕೆ ಹೋಗುತ್ತಿರುವವರಿಗೆ ಒಂದು ಎಚ್ಚರ. ಬ್ರಿಟನ್‌ನಲ್ಲಿ "ಸ್ವಯಂಸೇವೆ" ಬೇರೆ, ಒಪ್ಪಂದದ ಕರ್ತವ್ಯವಿರುವ "ಸಂಬಳವಿಲ್ಲದ ಕೆಲಸ" ಬೇರೆ. ಎರಡನೆಯದು ವಿದ್ಯಾರ್ಥಿ ವೀಸಾದ ವಾರದ 20 ತಾಸಿನ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತದೆ.

ಮಕ್ಕಳು ಅಥವಾ ದುರ್ಬಲರ ನಡುವೆ ಕೆಲಸವಾದರೆ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳುತ್ತಾರೆ. ಅದನ್ನೂ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲೇ ಪಡೆಯಬೇಕು, ಶುಲ್ಕ 500 ರೂಪಾಯಿ. ಪದವಿ ದಾಖಲೆಗೆ ಅಪಾಸ್ಟಿಲ್ ಕೇಳಿದರೆ (ದಾಖಲೆ ಅಸಲಿ ಎಂದು ವಿದೇಶಾಂಗ ಸಚಿವಾಲಯ ಅಂಟಿಸುವ ಚೀಟಿ, ಭಾರತ ಈ ಒಪ್ಪಂದ ಸೇರಿದ್ದು 2005ರಲ್ಲಿ) ಮೊದಲು ರಾಜ್ಯದ ದೃಢೀಕರಣ, ಆಮೇಲೆ ಸಚಿವಾಲಯ. ಸರ್ಕಾರದ ಶುಲ್ಕ ದಾಖಲೆಗೆ 50 ರೂಪಾಯಿ ಮಾತ್ರ, ಉಳಿದದ್ದು ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯ ಸೇವಾ ವೆಚ್ಚ. ಕೇಳದಿದ್ದರೆ ಮಾಡಿಸಲು ಹೋಗಬೇಡಿ.

ಹಂತ 7: ಹಣದ ಪುರಾವೆ

ರೈತ ಕುಟುಂಬದವರ ಅರ್ಜಿ ಹಣವಿಲ್ಲ ಎಂಬ ಕಾರಣಕ್ಕಿಂತ ಹಣ ಎಲ್ಲಿಂದ ಬಂತು ಎಂದು ತೋರಿಸಲಾಗದ ಕಾರಣಕ್ಕೆ ತಿರಸ್ಕಾರವಾಗುವುದು ಹೆಚ್ಚು. ಅಪ್ಪನಿಗೆ ಆದಾಯ ತೆರಿಗೆ ವಿವರ ಇರುವುದಿಲ್ಲ, ಕೃಷಿ ಆದಾಯಕ್ಕೆ ಅದು ಬೇಕಿಲ್ಲ. ಜನವರಿಯಲ್ಲಿ ತೊಗರಿ ಮಾರಿದ ಮೂರು–ನಾಲ್ಕು ಲಕ್ಷ ಒಮ್ಮೆಲೇ ಖಾತೆಗೆ ಬೀಳುತ್ತದೆ. ವೀಸಾ ಅಧಿಕಾರಿಗೆ ಅದು ಯಾರೋ ತಾತ್ಕಾಲಿಕವಾಗಿ ತುಂಬಿದ ಹಣದಂತೆ ಕಾಣುತ್ತದೆ.

ಇದಕ್ಕೆ ಒಟ್ಟಿಗೆ ಇಡಬೇಕಾದವು: ಪಹಣಿ, ಎಪಿಎಂಸಿಯಲ್ಲಿ ಮಾರಿದ ಪಟ್ಟಿ, ಆ ಮೊತ್ತ ಜಮೆಯಾದ ದಿನ ಕಾಣುವ ಆರು ತಿಂಗಳ ಬ್ಯಾಂಕ್ ವಿವರ (ಶಾಖೆಯ ಮೊಹರು, ಸಹಿ ಸಮೇತ), ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಮತ್ತು ಅಪ್ಪ ನಿಮ್ಮ ಖರ್ಚು ಭರಿಸುತ್ತಾರೆ ಎಂಬ ಪತ್ರ. ಪಟ್ಟಿಯ ಮೊತ್ತ, ಜಮೆಯ ಮೊತ್ತ ಹೊಂದಬೇಕು. ಅಡತಿಯವರು ಮುಂಗಡ ಮುರಿದುಕೊಂಡು ಕೊಟ್ಟಿದ್ದರೆ ಅದನ್ನೂ ಪಟ್ಟಿಯಲ್ಲಿ ಬರೆಸಿ. ಪೂರ್ತಿ ನಗದು ತೆಗೆದುಕೊಂಡು ಆಮೇಲೆ ಸ್ವಲ್ಪ ಸ್ವಲ್ಪ ಕಟ್ಟಿದರೆ ಈ ಸರಪಳಿ ಕಡಿದುಹೋಗುತ್ತದೆ. ಹೋಗುವ ಯೋಚನೆ ಇರುವ ವರ್ಷ ತೊಗರಿ ಹಣ ಖಾತೆಗೇ ಬರಲಿ ಎಂದು ಮನೆಯಲ್ಲಿ ಮೊದಲೇ ಹೇಳಿ.

ಕನ್ನಡದ ದಾಖಲೆಗೆಲ್ಲ ಇಂಗ್ಲಿಷ್ ಅನುವಾದ ಬೇಕು. ಬ್ರಿಟನ್‌ಗಾದರೆ ಅನುವಾದ ಮೂಲಕ್ಕೆ ನಿಷ್ಠವಾಗಿದೆ ಎಂಬ ಹೇಳಿಕೆ, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ ಇರಲೇಬೇಕು. ಬರೀ ನೋಟರಿ ಮೊಹರು ಸಾಲದು. ಪಹಣಿಯ "ಎಕರೆ–ಗುಂಟೆ"ಯನ್ನು ಹಾಗೇ ಬಿಡದೆ 40 ಗುಂಟೆಗೆ ಒಂದು ಎಕರೆ ಎಂದು ಅಡಿಟಿಪ್ಪಣಿ ಹಾಕಿಸಿ.

ವಿದ್ಯಾರ್ಥಿವೇತನದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕರ್ನಾಟಕದ ಪ್ರಬುದ್ಧ ಯೋಜನೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಎರಡೂ ವಿದೇಶದಲ್ಲಿ ಪದವಿ ಓದುವವರಿಗೆ. ಸ್ವಯಂಸೇವೆಗೆ ಅವು ಸಿಗುವುದಿಲ್ಲ.

ಹಂತ 8: ವಿಭಾಗದ ಅನುಮತಿ

ಎಂ.ಎ., ಎಂ.ಎಸ್‌ಡಬ್ಲ್ಯು. ವಿದ್ಯಾರ್ಥಿಗಳು ನಾಲ್ಕನೆಯ ಸೆಮಿಸ್ಟರ್ ಫಲಿತಾಂಶದ ನಂತರದ ಅವಧಿ ಆರಿಸಿಕೊಳ್ಳುವುದು ಸುಲಭ. ಪಿಎಚ್.ಡಿ.ಯವರಿಗೆ ಮಾರ್ಗದರ್ಶಕರ ಬಾಯಿಮಾತು ಸಾಲದು, ವಿಭಾಗದ ಮುಖ್ಯಸ್ಥರ ಮೂಲಕ ಲಿಖಿತ ನಿರಾಕ್ಷೇಪಣಾ ಪತ್ರ ಬೇಕು. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆಯುವವರಿಗೆ ವರ್ಷಕ್ಕೆ 30 ದಿನದ ರಜೆ, ಅದನ್ನು ಮೀರಿ ಹೋಗಿ ಎಂದಿನಂತೆ ಫೆಲೋಶಿಪ್ ಬಿಲ್ ಹಾಕಿದರೆ ಮುಂದೆ ವಸೂಲಾತಿ ಬರುತ್ತದೆ. ಅಂಕಗಳ ಟ್ರಾನ್ಸ್‌ಕ್ರಿಪ್ಟ್‌ಗೆ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ.

ಸರ್ಕಾರಿ ನೌಕರಿಯಲ್ಲಿದ್ದು ಓದುತ್ತಿರುವವರು ಇನ್ನೊಂದು ಹೆಜ್ಜೆ ಇಡಬೇಕು. ವಿದೇಶಿ ಸಂಸ್ಥೆ ನಿಮ್ಮ ಟಿಕೆಟ್, ವಸತಿ ಕೊಡುವುದಾದರೆ ಅದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಪ್ರಕಾರ "ವಿದೇಶಿ ಆತಿಥ್ಯ", ಅದಕ್ಕೆ ಕೇಂದ್ರ ಗೃಹ ಸಚಿವಾಲಯದ ಮುಂಗಡ ಅನುಮತಿ ಬೇಕು. ನೌಕರರಲ್ಲದ ವಿದ್ಯಾರ್ಥಿಗಳಿಗೆ ಇದು ಅನ್ವಯಿಸುವುದಿಲ್ಲ.

ಹಂತ 9: ಆರೋಗ್ಯ, ಚೀಲ

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸಿನದು: ಮೊದಲನೆಯದು, ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಎಂಟು ತಿಂಗಳ ಲೆಕ್ಕದ ಒಂದು ಕಾರಣ ಇದು. ಕೀನ್ಯಾ, ಉಗಾಂಡದಂಥ ಪೀತಜ್ವರದ ದೇಶಗಳಿಗೆ ಹೋಗುವವರು ಕನಿಷ್ಠ 10 ದಿನ ಮೊದಲು ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಮಾನ್ಯ. ಎಲ್ಲ ಆಸ್ಪತ್ರೆಗಳಲ್ಲಿ ಇದು ಸಿಗುವುದಿಲ್ಲ, ಅಧಿಕೃತ ಕೇಂದ್ರಗಳಲ್ಲಿ ಮಾತ್ರ. ನಮಗೆ ಹತ್ತಿರದ್ದು ಹೈದರಾಬಾದಿನ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್. ಪ್ರಮಾಣಪತ್ರವಿಲ್ಲದೆ ಅಂಥ ದೇಶದಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಸಕ್ಕೆ ಹಾಕುತ್ತಾರೆ.

ಚೀಲದ ವಿಷಯ: ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಡಕ್ ರೊಟ್ಟಿ ಒಯ್ಯಿರಿ, ಕಸ್ಟಮ್ಸ್‌ನಲ್ಲಿ ಕೇಳಿದರೆ ಇದೆ ಎಂದು ಹೇಳಿ. ತುಪ್ಪ, ಪೇಡಾ, ಖೋವಾ ಮಾತ್ರ ಬೇಡ. ಹಾಲಿನ ಪದಾರ್ಥವನ್ನು ಬ್ರಿಟನ್, ಯುರೋಪ್ ಒಳಗೆ ಬಿಡುವುದಿಲ್ಲ. ಅವ್ವ ಕಟ್ಟಿಕೊಟ್ಟದ್ದು ಕಸದ ಬುಟ್ಟಿಗೆ ಬೀಳುತ್ತದೆ.

ಹಂತ 10: ಅಲ್ಲಿ ಕೆಲಸ ಮಾಡುವಾಗ

ಮೊದಲ ಎರಡು ವಾರ ಕೇಳುವುದೇ ಕೆಲಸ. ಆ ಸಮುದಾಯದ ಬೇಡಿಕೆ ಏನೆಂದು ಆ ಸಮುದಾಯ ನಿರ್ಧರಿಸುತ್ತದೆ, ನೀವಲ್ಲ.

ಮೆರವಣಿಗೆ, ಧರಣಿಗೆ ಹೋಗುವ ಮೊದಲು ವಿದೇಶಿಯರು ಪಾಲ್ಗೊಳ್ಳಲು ಕಾನೂನಿನ ಅಡ್ಡಿಯಿದೆಯೇ ಎಂದು ಮೇಲ್ವಿಚಾರಕರನ್ನು ಕೇಳಿ. ಇಲ್ಲಿ ಡಿ.ಸಿ. ಕಚೇರಿ ಎದುರು ಬಂಧಿಸಿ ಸಂಜೆ ಬಿಡುವಂಥ ಪ್ರಕರಣವೇ ಅಲ್ಲಿ ವೀಸಾ ರದ್ದತಿಗೆ ಕಾರಣವಾಗಬಹುದು. ಅಮೆರಿಕದ ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಗಳು ಚುನಾವಣೆಯಲ್ಲಿ ಅಭ್ಯರ್ಥಿಯ ಪರ ಪ್ರಚಾರ ಮಾಡುವಂತಿಲ್ಲ, ಹಾಗೆ ಮಾಡಲು ಯಾರಾದರೂ ಕಳಿಸಿದರೆ ಒಪ್ಪಬೇಡಿ.

ಫೋಟೊ ಇನ್ನೊಂದು ಗುಂಡಿ. ದಾಖಲೆಯಿಲ್ಲದ ವಲಸಿಗರು, ಮಾಲೀಕನ ಮೇಲೆ ದೂರು ಕೊಟ್ಟ ಮನೆಗೆಲಸದವರು, ಇವರ ಮುಖ ನಿಮ್ಮ ಸ್ಟೇಟಸ್‌ನಲ್ಲಿ ಕಂಡರೆ ಅವರ ಅನ್ನಕ್ಕೆ ಕುತ್ತು. ಲಿಖಿತ ಒಪ್ಪಿಗೆ ಇಲ್ಲದೆ ಚಿತ್ರವನ್ನೂ ಧ್ವನಿಯನ್ನೂ ತೆಗೆಯಬೇಡಿ. ಅದನ್ನು ಪ್ರಬಂಧಕ್ಕೆ ಬಳಸುವ ಉದ್ದೇಶವಿದ್ದರೆ ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಹೊರಡುವ ಮೊದಲೇ ಬೇಕು, ಮರಳಿ ಬಂದು ಕೇಳಿದರೆ ಕೊಡುವುದಿಲ್ಲ.

ತೊಂದರೆಯಾದರೆ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆ ಮತ್ತು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಇವೆ. ಸಂಖ್ಯೆಯನ್ನು ಫೋನ್‌ನಲ್ಲಷ್ಟೇ ಅಲ್ಲ, ಚೀಟಿಯಲ್ಲೂ ಬರೆದಿಡಿ. ಪಾಸ್‌ಪೋರ್ಟನ್ನು "ಸುರಕ್ಷಿತವಾಗಿ ಇಡುತ್ತೇವೆ" ಎಂದು ಯಾವ ಸಂಘಟನೆ ಕೇಳಿದರೂ ಕೊಡಬೇಡಿ.

ಹಂತ 11: ಮರಳಿದ ಮೇಲೆ ಬರುವ ಹಣ

ಅಲ್ಲಿಯ ಗೆಳೆಯರು ನಿಮ್ಮೂರಿನ ಕೆಲಸಕ್ಕೆ ಹಣ ಕಳಿಸುತ್ತೇವೆ ಎನ್ನುತ್ತಾರೆ. ಖುಷಿಯಿಂದ ಖಾತೆ ಸಂಖ್ಯೆ ಕೊಟ್ಟುಬಿಡುವುದು ಈ ಇಡೀ ಪಟ್ಟಿಯಲ್ಲೇ ದುಬಾರಿ ತಪ್ಪು. ನಿಮಗೆ ವಿದ್ಯಾರ್ಥಿವೇತನವಾಗಿ, ಸ್ಟೈಪೆಂಡ್ ಆಗಿ ಬಂದದ್ದಕ್ಕೆ ಎಫ್‌ಸಿಆರ್‌ಎ ವಿನಾಯಿತಿ ಇದೆ. ಸಂಘದ ಕೆಲಸಕ್ಕೆ ಬರುವ ವಿದೇಶಿ ದೇಣಿಗೆಗೆ ಇಲ್ಲ. ಅದಕ್ಕೆ ಆ ಸಂಘಕ್ಕೇ ನೋಂದಣಿ ಅಥವಾ ಮುಂಗಡ ಅನುಮತಿ ಇರಬೇಕು, 2020ರ ತಿದ್ದುಪಡಿಯ ನಂತರ ಹಣ ಬಂದಿಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ನೋಂದಣಿ ಇರುವ ಸಂಘವೂ ಆ ಹಣವನ್ನು ಇನ್ನೊಂದು ಸಂಘಕ್ಕೆ ದಾಟಿಸುವಂತಿಲ್ಲ. ಆದ್ದರಿಂದ "ಅವರ ಖಾತೆಗೆ ಹಾಕಿಸಿ ನಮಗೆ ಕೊಡಿಸಿ" ಎಂಬ ಸುತ್ತುದಾರಿಯೂ ಮುಚ್ಚಿದೆ. ನಿಮ್ಮ ಸಂಘಕ್ಕೆ ನೋಂದಣಿ ಇಲ್ಲದಿದ್ದರೆ ಅವರಿಂದ ಹಣ ಕೇಳಬೇಡಿ. ಸಮೀಕ್ಷೆಯ ನಮೂನೆ, ತರಬೇತಿ ಕೈಪಿಡಿ, ವಕೀಲರ ಜೊತೆ ಅರ್ಧ ತಾಸಿನ ವಿಡಿಯೊ ಮಾತುಕತೆ, ಇವಕ್ಕೆ ಯಾರ ಅನುಮತಿಯೂ ಬೇಕಿಲ್ಲ.